ಯುಗಾದಿಗೆ ರಜೆ ಕೇಳುವ ಮುಂಚೆ

ಸಿಂಗಾಪುರದಲ್ಲಿ ಯುಗಾದಿಗೆ ರಜೆ ಇಲ್ಲ. ಮಾರ್ಚ್ ಬಂತೆಂದರೆ ಇಲ್ಲಿನ ಕನ್ನಡಿಗರ ನಡುವೆ ಈ ಮಾತು ಏಳುತ್ತದೆ. ದೀಪಾವಳಿಗೆ ಕೊಡುತ್ತಾರೆ, ಯುಗಾದಿಗೆ ಯಾಕಿಲ್ಲ? ತೆಲುಗರು, ಮರಾಠಿಗರನ್ನೂ ಸೇರಿಸಿಕೊಂಡು ಸರ್ಕಾರಕ್ಕೆ ಒಂದು ಮನವಿ ಕೊಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಯುಗಾದಿ ನನಗೆ ವರ್ಷದಲ್ಲಿ ಎಲ್ಲಕ್ಕಿಂತ ಇಷ್ಟದ ಹಬ್ಬ. ಆದರೂ ಆ ಮನವಿಗೆ ನಾನು ಸಹಿ ಹಾಕುವುದಿಲ್ಲ. ನಾವು ಕೇಳಬೇಕಾದದ್ದು ಬೇರೆ ಇದೆ. ಅದರ ಮಾದರಿ ನಮ್ಮ ಊರಿನ ಸರ್ಕಾರಿ ಕಚೇರಿಗಳಲ್ಲೇ ಇದೆ.

ಇಲ್ಲಿ ವರ್ಷಕ್ಕೆ 11 ಸಾರ್ವಜನಿಕ ರಜೆ. ಜನವರಿ 1, ಮೇ 1 ಮತ್ತು ಆಗಸ್ಟ್ 9ರ ರಾಷ್ಟ್ರೀಯ ದಿನ ಎಲ್ಲರಿಗೂ ಸೇರಿದ್ದು. ಚೀನೀ ಹೊಸ ವರ್ಷಕ್ಕೆ 2 ದಿನ. ಮುಸ್ಲಿಮರಿಗೆ ಹರಿ ರಾಯ ಪುವಾಸ, ಹರಿ ರಾಯ ಹಾಜಿ. ನಮ್ಮಲ್ಲಿ ರಂಜಾನ್ ಹಬ್ಬ, ಬಕ್ರೀದ್ ಅನ್ನುತ್ತೇವಲ್ಲ, ಅವೇ. ಕ್ರೈಸ್ತರಿಗೆ ಗುಡ್ ಫ್ರೈಡೇ, ಕ್ರಿಸ್‌ಮಸ್. ಬೌದ್ಧರಿಗೆ ವೇಸಾಕ್. ಹಿಂದೂಗಳಿಗೆ ದೀಪಾವಳಿ. ಇಷ್ಟೇ. ಈ 2026ರಲ್ಲಂತೂ ಫೆಬ್ರವರಿ ಮಧ್ಯದಿಂದ ಮೇ ಕೊನೆಯೊಳಗೇ 7 ರಜೆಗಳು ಬಂದು ಹೋಗುತ್ತವೆ. ಭೂಮಧ್ಯರೇಖೆಗೆ ಇಷ್ಟು ಹತ್ತಿರದ ಊರಲ್ಲಿ ವಸಂತ ಅಂತ ಬೇರೆ ಕಾಲವೇ ಇಲ್ಲ. ಮರಗಳು ವರ್ಷವಿಡೀ ಹಸಿರು. ಆದರೆ ಎಲ್ಲ ಧರ್ಮಗಳ ವಸಂತದ ಹಬ್ಬಗಳೂ ಇಲ್ಲಿ ಒಂದರ ಹಿಂದೆ ಒಂದು ಬರುತ್ತವೆ.

ಮೊದಲು 16 ರಜೆಗಳಿದ್ದವು. 1968ರಲ್ಲಿ ಬ್ರಿಟಿಷರು ತಮ್ಮ ಸೇನಾ ನೆಲೆಗಳನ್ನು ಬೇಗ ಮುಚ್ಚುತ್ತೇವೆ ಅಂದರು. ಈ ಪುಟ್ಟ ದೇಶದ ಎಷ್ಟೋ ಕೆಲಸಗಳು ಆ ನೆಲೆಗಳನ್ನೇ ನಂಬಿಕೊಂಡಿದ್ದವು. ಜಾಸ್ತಿ ದುಡಿಯಬೇಕು, ಹೊರಗಿನ ಬಂಡವಾಳ ಬರಬೇಕು ಅಂತ ಸರ್ಕಾರ ಅದೇ ವರ್ಷ ಕಾಯ್ದೆ ತಿದ್ದಿ ರಜೆಗಳನ್ನು 11ಕ್ಕೆ ಇಳಿಸಿತು. ಕ್ರೈಸ್ತರು ಈಸ್ಟರ್‌ನ ಶನಿವಾರ, ಸೋಮವಾರಗಳನ್ನು ಬಿಟ್ಟರು. ಕ್ರಿಸ್‌ಮಸ್‌ನ ಮರುದಿನದ ರಜೆಯೂ ಹೋಯಿತು. ಮುಸ್ಲಿಮರು ಪ್ರವಾದಿಯವರ ಜನ್ಮದಿನವನ್ನು ಬಿಟ್ಟು ಬಕ್ರೀದ್ ಉಳಿಸಿಕೊಂಡರು. ಹಿಂದೂಗಳು ದೀಪಾವಳಿ ಉಳಿಸಿಕೊಂಡು, ತಮಿಳರ ಮುರುಗನ ಹಬ್ಬ ತೈಪೂಸಂ ಬಿಟ್ಟುಕೊಟ್ಟರು.

ತೈಪೂಸಂ ಬಿಡುವುದು ತಮಿಳರಿಗೆ ಸಣ್ಣ ವಿಷಯ ಆಗಿರಲಿಕ್ಕಿಲ್ಲ. ಇವತ್ತಿಗೂ ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ಗುಡಿಯಿಂದ ಟ್ಯಾಂಕ್ ರಸ್ತೆಯ ದಂಡಾಯುಧಪಾಣಿ ಗುಡಿವರೆಗೆ ಕಾವಡಿ ಹೊತ್ತು ನಡೆಯುತ್ತಾರೆ. ವಾರದ ನಡುವೆ ಬಂದರೆ ತಮ್ಮ ರಜೆ ಖರ್ಚು ಮಾಡಿಕೊಂಡು ಬರುತ್ತಾರೆ. ಸೇತುವೆ ದಾಟಿದರೆ ಮಲೇಷ್ಯಾದ ಜೊಹೋರ್‌ನಲ್ಲಿ ಅದೇ ದಿನ ಸರ್ಕಾರಿ ರಜೆ. ಹಾಗಂತ ಮಲೇಷ್ಯಾದವರಿಗೆ ಎಲ್ಲವೂ ಸಿಕ್ಕಿದೆ ಅಂತಲ್ಲ. ಅಲ್ಲಿ ಗುಡ್ ಫ್ರೈಡೇಗೆ ರಜೆ ಇರುವುದು ಸಾಬಾ, ಸರವಾಕ್ ರಾಜ್ಯಗಳಲ್ಲಿ ಮಾತ್ರ. ತೈಪೂಸಂಗೆ ಮತ್ತೆ ರಜೆ ಕೊಡಿ ಅನ್ನುವ ಕೂಗು 2015ರಲ್ಲಿ ಇಲ್ಲಿ ಜೋರಾಗಿ ಎದ್ದಿತ್ತು. ಒಂದು ಹಬ್ಬಕ್ಕೆ ರಜೆ ಮರಳಿ ಕೊಟ್ಟರೆ ಉಳಿದವರೂ ಕೇಳುತ್ತಾರೆ, ಎಲ್ಲ ಸಮುದಾಯಗಳ ಜೊತೆ ಮೊದಲಿಂದ ಮಾತಾಡಬೇಕಾಗುತ್ತದೆ ಅಂತ ಸರ್ಕಾರ ಉತ್ತರ ಕೊಟ್ಟಿತು. ನನಗೆ ಆ ಉತ್ತರ ಸರಿ ಅನಿಸುತ್ತದೆ. ತಲೆಮಾರುಗಳಿಂದ ಈ ಊರು ಕಟ್ಟಿದ ತಮಿಳರಿಗೇ ಎರಡನೇ ರಜೆ ಸಿಗದಿರುವಾಗ, ಮೊನ್ನೆ ಮೊನ್ನೆ ಬಂದ ನಾವು ಯುಗಾದಿಗೆ ಕೇಳುವುದು ಹೇಗೆ?

ಇನ್ನೊಂದು ವಿಷಯ ನಮ್ಮವರಲ್ಲಿ ತುಂಬ ಜನ ಗಮನಿಸಿಲ್ಲ. ಚೀನೀಯರು ಇಲ್ಲಿ ನಾಲ್ಕರಲ್ಲಿ ಮೂರು ಪಾಲು ಇದ್ದಾರೆ. ಏಪ್ರಿಲ್ 4 ಅಥವಾ 5ರ ಹೊತ್ತಿಗೆ ಅವರ ಚಿಂಗ್ ಮಿಂಗ್ ಬರುತ್ತದೆ. ಹಿರಿಯರ ಸಮಾಧಿಗೆ ಹೋಗಿ, ಗುಡಿಸಿ ತೊಳೆದು, ಊಟ ಹಣ್ಣು ಇಟ್ಟು ನಮಸ್ಕರಿಸುವ ದಿನ ಅದು. ನಮ್ಮ ಪಿತೃಪಕ್ಷಕ್ಕೆ ಇರುವಷ್ಟೇ ತೂಕ ಅದಕ್ಕಿದೆ. ಚೀನಾ, ಹಾಂಗ್‌ಕಾಂಗ್, ತೈವಾನ್‌ಗಳಲ್ಲಿ ರಜೆ. ಸಿಂಗಾಪುರದಲ್ಲಿ ರಜೆ ಇಲ್ಲ. ಬಹುಸಂಖ್ಯಾತರೇ ಹಿಂದೆ ಮುಂದೆ ಬರುವ ಶನಿವಾರ, ಭಾನುವಾರ ನೋಡಿಕೊಂಡು ಬೆಳಗಿನ ಜಾವ ಚೋವಾ ಚು ಕಾಂಗ್ ಸ್ಮಶಾನಕ್ಕೆ ಹೋಗಿ ಬರುತ್ತಾರೆ. ಇದನ್ನು ತಿಳಿದ ಮೇಲೆ ನನಗೆ ಇಲ್ಲಿನ ಪದ್ಧತಿಯ ಮೇಲೆ ಗೌರವ ಹೆಚ್ಚಾಯಿತು.

ರಜೆ ಇಲ್ಲ ಅಂದ ಮಾತ್ರಕ್ಕೆ ಯುಗಾದಿ ಬಡವಾಗಿಲ್ಲ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, ಇಲ್ಲಿನ ಹರಿ ರಾಯ ಪುವಾಸ 10ಕ್ಕೆ. 2025ರಲ್ಲಿ ಮಾರ್ಚ್ 30 ಮತ್ತು 31. ಈ ವರ್ಷ ಮಾರ್ಚ್ 19 ಮತ್ತು 21. ಚೈತ್ರ ಹುಟ್ಟುವ ಅಮಾವಾಸ್ಯೆಯೂ ರಂಜಾನ್ ತಿಂಗಳು ಮುಗಿಯುವ ಅಮಾವಾಸ್ಯೆಯೂ ಈ ಮೂರು ವರ್ಷ ಒಂದೇ ಆಗಿತ್ತು. ನಮ್ಮದರಲ್ಲಿ ಅಧಿಕ ಮಾಸ ಸೇರುತ್ತದೆ, ಅವರದರಲ್ಲಿ ಸೇರುವುದಿಲ್ಲ. ಹಾಗಾಗಿ ಮುಂದಿನ ವರ್ಷ ಯುಗಾದಿ ಏಪ್ರಿಲ್ 7ಕ್ಕೆ ಹೋಗುತ್ತದೆ, ಹರಿ ರಾಯ ಮಾರ್ಚ್‌ನಲ್ಲೇ ಬರುತ್ತದೆ. ಮತ್ತೆ ಹೀಗೆ ಜೊತೆಯಾಗಲು ಸುಮಾರು 30 ವರ್ಷ ಬೇಕು.

ನಾನು ಹಳೇ ಮೈಸೂರು ಕಡೆಯವನು. ನಮ್ಮಲ್ಲಿ ಯುಗಾದಿಯ ಮರುದಿನ ಹೊಸತೊಡಕು. ಹಬ್ಬದ ದಿನ ಒಬ್ಬಟ್ಟು, ಮರುದಿನ ಬಾಡೂಟ. 2024 ಮತ್ತು 2025ರಲ್ಲಿ ಹೊಸತೊಡಕಿನ ದಿನವೇ ಹರಿ ರಾಯ ಬಂತು. ಇಡೀ ದೇಶಕ್ಕೆ ರಜೆ. ಮಲಯ್ ಗೆಳೆಯರ ಮನೆಗಳಲ್ಲಿ ಬಾಗಿಲು ತೆರೆದೇ ಇರುತ್ತದೆ. ತೆಂಗಿನ ಗರಿಯ ಪೊಟ್ಟಣದಲ್ಲಿ ಬೇಯಿಸಿದ ಕೆತುಪಾಟ್ ಅನ್ನ, ರೆಂಡಾಂಗ್ ಮಾಂಸ, ಮಕ್ಕಳ ಕೈಗೆ ಹಸಿರು ಲಕೋಟೆಯಲ್ಲಿ ದುಡ್ಡು. ಮಂಡ್ಯದ ಹೊಸತೊಡಕನ್ನು ನೆನೆದು ಕೊರಗಬೇಕಾದ ದಿನ ಹೊಟ್ಟೆ ತುಂಬ ಉಂಡು ಬಂದೆವು. ನಾವು ತಂದ ಒಬ್ಬಟ್ಟು ಅವರ ಕುಕೀಸ್ ಡಬ್ಬಿಗಳ ಪಕ್ಕ ಕೂತಿತ್ತು. ಈ ತೆರೆದ ಮನೆಯ ಪದ್ಧತಿ ಒಂದೇ ದಿನಕ್ಕೆ ಮುಗಿಯುವುದೂ ಇಲ್ಲ. ತಿಂಗಳಿಡೀ ಶನಿವಾರ, ಭಾನುವಾರಗಳಲ್ಲಿ ನಡೆಯುತ್ತದೆ.

ಚೀನೀಯರ ಜೊತೆಗೂ ಹೀಗೊಂದು ನಂಟಿದೆ. ಅವರ ತಿಂಗಳೂ ಚಂದ್ರನ ಲೆಕ್ಕದ್ದೇ. ಪ್ರತಿ ತಿಂಗಳ 1ನೇ ಮತ್ತು 15ನೇ ದಿನ ಎಷ್ಟೋ ಹಿರಿಯರು ಮಾಂಸ ಮುಟ್ಟುವುದಿಲ್ಲ. ಪಾಡ್ಯ, ಹುಣ್ಣಿಮೆ ಅಂದುಕೊಳ್ಳಿ. 2024ರ ಯುಗಾದಿ ಸರಿಯಾಗಿ ಅವರ ಮೂರನೇ ತಿಂಗಳ ಮೊದಲ ದಿನ. ಅಮಾವಾಸ್ಯೆ ಕಳೆದ ಮೇಲೆ ನಮ್ಮ ವರ್ಷ ಶುರು ಅಂದರೆ ಚೀನೀ ಸಹೋದ್ಯೋಗಿಗೆ ಒಂದೇ ಮಾತಿಗೆ ತಿಳಿಯುತ್ತದೆ. ಏಪ್ರಿಲ್ 14ಕ್ಕೆ ತಮಿಳು ಸಹೋದ್ಯೋಗಿಗೂ ಹೊಸ ವರ್ಷ ಯಾಕೆ ಅಂತ ಹೇಳುವಾಗ ಮಾತ್ರ ಸೂರ್ಯನ ಲೆಕ್ಕವನ್ನೂ ವಿವರಿಸಬೇಕು. ವೇಸಾಕ್ ನಮ್ಮ ಬುದ್ಧ ಪೂರ್ಣಿಮೆಯೇ. ಹೆಚ್ಚಿನ ವರ್ಷ ಎರಡೂ ಒಂದೇ ಹುಣ್ಣಿಮೆಗೆ ಬರುತ್ತವೆ. ಈ ಸಲ ಊರಲ್ಲಿ ಮೇ 1ಕ್ಕೆ, ಇಲ್ಲಿ ಮೇ 31ಕ್ಕೆ. ಭಾನುವಾರ ಬಂದಿರುವುದರಿಂದ ಇಲ್ಲಿ ಸೋಮವಾರವೂ ರಜೆ.

ಎಲ್ಲರಿಗೂ ಒಟ್ಟಿಗೇ ಸಿಗುವ ಈ ರಜೆಗಳ ಬೆಲೆ ದೊಡ್ಡದು. ಗುಡ್ ಫ್ರೈಡೇ ಸಂಜೆ ವಿಕ್ಟೋರಿಯಾ ಸ್ಟ್ರೀಟ್‌ನ ಸೇಂಟ್ ಜೋಸೆಫ್ ಚರ್ಚಿನಲ್ಲಿ ಮೇಣದಬತ್ತಿ ಹಿಡಿದು ಮೆರವಣಿಗೆ ಹೋಗುತ್ತಾರೆ. ನನಗೆ ರಜೆ ಇದ್ದದ್ದರಿಂದಲೇ ಅದನ್ನು ಮಕ್ಕಳಿಗೆ ತೋರಿಸಲು ಆಯಿತು. ಇದನ್ನು ಕಳೆದುಕೊಳ್ಳುವ ಮಾತು ನಾನು ಆಡುತ್ತಿಲ್ಲ.

ಹಾಗಾದರೆ ಏನು ಕೇಳಬೇಕು? ನಮ್ಮ ಕರ್ನಾಟಕ ಸರ್ಕಾರ ಪ್ರತಿ ವರ್ಷ ಎರಡು ಪಟ್ಟಿ ಹೊರಡಿಸುತ್ತದೆ. ಒಂದು ಸಾರ್ವತ್ರಿಕ ರಜೆ. ಅದರಲ್ಲಿ ಯುಗಾದಿ, ರಂಜಾನ್, ಮಹಾವೀರ ಜಯಂತಿ, ಗುಡ್ ಫ್ರೈಡೇ, ಅಂಬೇಡ್ಕರ್ ಜಯಂತಿ, ಬಸವ ಜಯಂತಿ ಇವೆಲ್ಲ ಬರುತ್ತವೆ. ಇನ್ನೊಂದು ಪರಿಮಿತ ರಜೆ. ಹೋಳಿಯಂಥ ಹಬ್ಬಗಳು ಅದರಲ್ಲಿರುತ್ತವೆ. ಆ ಪಟ್ಟಿಯಿಂದ ನೌಕರರು 2 ದಿನ ಆರಿಸಿಕೊಳ್ಳಬಹುದು. ಯಾವ ಹಬ್ಬ ಅನ್ನುವುದು ಅವರಿಗೆ ಬಿಟ್ಟಿದ್ದು. ಊರಲ್ಲಿದ್ದಾಗ ಪರಿಮಿತ ರಜೆ ಅಂದರೆ ಕ್ಯಾಲೆಂಡರ್‌ನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುವುದು ಅಷ್ಟೇ, ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಹೊರಗೆ ಬಂದ ಮೇಲೆ ಅದು ಎಂಥ ಒಳ್ಳೆಯ ಯೋಚನೆ ಅಂತ ಅರ್ಥವಾಗುತ್ತದೆ. ಸಣ್ಣ ಸಮುದಾಯದವರು ಇಡೀ ರಾಜ್ಯವನ್ನು ನಿಲ್ಲಿಸದೆ ತಮ್ಮ ಹಬ್ಬ ಮಾಡಿಕೊಳ್ಳಬಹುದು. ಯಾರ ಹತ್ತಿರವೂ ಬೇಡಿಕೊಳ್ಳಬೇಕಾಗಿಲ್ಲ.

ಸಿಂಗಾಪುರದಲ್ಲಿ ಇದಕ್ಕೆ ಹೊಸ ಕಾನೂನೇ ಬೇಕಿಲ್ಲ. ಇಲ್ಲಿನ ಉದ್ಯೋಗ ಕಾಯ್ದೆಯಲ್ಲೇ ದಾರಿ ಇದೆ. ಮಾಲೀಕರೂ ನೌಕರರೂ ಒಪ್ಪಿದರೆ ಒಂದು ಸಾರ್ವಜನಿಕ ರಜೆಯ ದಿನ ಕೆಲಸ ಮಾಡಿ, ಅದರ ಬದಲು ಇನ್ನೊಂದು ದಿನ ರಜೆ ತೆಗೆದುಕೊಳ್ಳಬಹುದು. ಆದರೆ ಇದನ್ನು ಕೇಳುವವರೂ ಕಡಿಮೆ, ಕೊಡುವವರೂ ಕಡಿಮೆ. ಹೊಸದಾಗಿ ಸೇರಿದವರಿಗೆ ಕಾಯ್ದೆ ಪ್ರಕಾರ ಮೊದಲ ವರ್ಷ ಸಿಗುವುದು ಕನಿಷ್ಠ 7 ದಿನದ ವಾರ್ಷಿಕ ರಜೆ. ಅದರಲ್ಲಿ ಯುಗಾದಿಗೆ ಒಂದು ಹೋದರೆ ಊರಿಗೆ ಹೋಗಿಬರಲು ಉಳಿಯುವುದು 6. ಹೀಗಾಗಿ ಎಷ್ಟೋ ಹುಡುಗರು ಯುಗಾದಿ ದಿನ ಬೆಳಗ್ಗೆ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ರೈಲು ಹತ್ತುತ್ತಾರೆ. ಸಂಜೆ ಬಂದಾಗ ಊರಲ್ಲಿ ಅಪ್ಪ ಅಮ್ಮ ಹಬ್ಬದ ಊಟ ಮುಗಿಸಿರುತ್ತಾರೆ. ಇವರಿಗೆ ಒಂದು ದಿನ ಬಿಡಿಸಿಕೊಡಬೇಕು ಅನ್ನುವುದೇ ನನ್ನ ಆಸೆ.

ಆಸ್ಪತ್ರೆ, ಬಸ್ಸು, ಹೋಟೆಲ್, ಅಂಗಡಿಗಳು ಗುಡ್ ಫ್ರೈಡೇ ದಿನವೂ ನಡೆಯುತ್ತವೆ. ಯಾರೋ ಒಬ್ಬರು ಅವತ್ತು ಕೆಲಸ ಮಾಡಲೇಬೇಕು. ಕ್ರೈಸ್ತ ನರ್ಸ್ ಅವತ್ತು ಚರ್ಚಿಗೆ ಹೋಗಲಿ, ಅವರ ಪಾಳಿ ನಮ್ಮವರು ಮಾಡಲಿ, ಯುಗಾದಿ ದಿನ ನಮ್ಮವರು ಮನೆಯಲ್ಲಿರಲಿ. ಇಬ್ಬರಿಗೂ ಒಳ್ಳೆಯದೇ ಅಲ್ವಾ? ಬಾಗಿಲು ಮುಚ್ಚುವ ಆಫೀಸುಗಳಲ್ಲೂ ಈಗ ಮನೆಯಿಂದ ಕೆಲಸ ಮಾಡುವುದು ರೂಢಿಯಾಗಿದೆ. ಎಲ್ಲರೂ ಹೀಗೆ ಬದಲಿಸಿಕೊಂಡರೆ ಒಟ್ಟಿಗೆ ಸಿಗುವ ರಜೆಯೇ ಇಲ್ಲವಾಗುತ್ತದೆ ಅನ್ನುವ ಭಯ ನನಗೂ ಇತ್ತು. ಅದಕ್ಕೇ ವರ್ಷಕ್ಕೆ ಒಂದೇ ದಿನ ಸಾಕು. ಚೀನೀ ಹೊಸ ವರ್ಷಕ್ಕೆ ಅಂಗಡಿ ಸಾಲುಗಳೇ ಮುಚ್ಚಿರುತ್ತವೆ, ಅವತ್ತು ಕೆಲಸ ಮಾಡುತ್ತೇನೆ ಅನ್ನುವವರು ಯಾರೂ ಸಿಗುವುದಿಲ್ಲ. ಆ ಎರಡು ದಿನ ಹಾಗೇ ಇರಲಿ.

ಇಲ್ಲಿ ತಂಡ ನಡೆಸುವ ಕನ್ನಡಿಗರು ತುಂಬ ಜನ ಇದ್ದಾರೆ. ಜನವರಿಯಲ್ಲೇ ತಮ್ಮ ತಂಡದವರನ್ನು ನಿಮ್ಮ ದಿನ ಯಾವುದು ಅಂತ ಕೇಳುವುದು ಅವರ ಕೈಯಲ್ಲಿದೆ. ನಮ್ಮವರನ್ನಷ್ಟೇ ಅಲ್ಲ. ಚಿಂಗ್ ಮಿಂಗ್‌ಗೆ ಅಜ್ಜನ ಸಮಾಧಿಗೆ ಹೋಗಬೇಕಾದ ಚೀನೀ ಹುಡುಗಿಯನ್ನೂ, ತೈಪೂಸಂಗೆ ಕಾವಡಿ ಹೊರುವ ತಮಿಳು ಹುಡುಗನನ್ನೂ ಕೇಳಬೇಕು.

ಬೆಂಗಳೂರಲ್ಲಿ ಕಂಪನಿ ನಡೆಸುವವರಿಗೂ ಇದನ್ನೇ ಹೇಳುತ್ತೇನೆ. ರಾಜ್ಯದಲ್ಲಿ 1963ರಿಂದ ಕೈಗಾರಿಕಾ ಸಂಸ್ಥೆಗಳ ರಜೆ ಕಾಯ್ದೆ ಇದೆ. ಈಗ ಅದರಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಇವುಗಳ ಜೊತೆ 5 ಹಬ್ಬಗಳ ರಜೆ. ಆ 5 ಯಾವುವು ಅನ್ನುವುದನ್ನು ಕೆಲಸಗಾರರ ಜೊತೆಗೂ ಮಾತಾಡಿ ಗೊತ್ತುಮಾಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಹಾಗೆ ಮಾತಾಡುವಾಗ ಗೇಟಿನಲ್ಲಿ ನಿಂತ ಅಸ್ಸಾಮಿನ ಕಾವಲುಗಾರನನ್ನು ಯಾರು ಕೇಳುತ್ತಾರೆ? ಏಪ್ರಿಲ್ ಮಧ್ಯದಲ್ಲಿ ಅವನಿಗೆ ಬಿಹು. ಅದೇ ಹೊತ್ತಿಗೆ ಕ್ಯಾಂಟೀನಿನ ಮಲಯಾಳಿಗೆ ವಿಷು, ಬಂಗಾಳಿ ಎಂಜಿನಿಯರ್‌ಗೆ ಹೊಸ ವರ್ಷ. ನಾವು ಇಲ್ಲಿ ಪರರ ನಾಡಿನಲ್ಲಿ ಏನನ್ನು ಬಯಸುತ್ತೇವೋ ಅದನ್ನೇ ಅವರು ನಮ್ಮ ನಾಡಿನಲ್ಲಿ ಬಯಸುತ್ತಾರೆ. ಯುಗಾದಿ ದಿನ ಕಾವಲಿಗೆ ಹೇಗೂ ಯಾರಾದರೂ ಬೇಕು. ಅವತ್ತಿನ ಪಾಳಿ ಅವನು ಮಾಡಲಿ, ಬಿಹು ದಿನದ ಪಾಳಿ ಮಂಡ್ಯದ ಕಾವಲುಗಾರ ಮಾಡಲಿ. ಮುಂದಿನ ವರ್ಷದ ಯುಗಾದಿ ಏಪ್ರಿಲ್ 7ಕ್ಕೆ, ಬಿಹು ಅದರ ಮರುವಾರ. ಎರಡನ್ನೂ ಒಂದೇ ಪಾಳಿ ಪಟ್ಟಿಯಲ್ಲಿ ಈಗಲೇ ಬರೆದಿಡಬಹುದು.