ತಪ್ಪಿದರೂ ಒಂದು ಅಂಕ

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಿಯಮಾವಳಿಯಲ್ಲೇ ಸೇರಿಸಿಕೊಂಡ ಆಟ ಯಾವುದಾದರೂ ಇದ್ದರೆ ಅದು ಕೆನಡಿಯನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಸೋದರ. ಕಂಬಗಳ ನಡುವೆ ಒದ್ದರೆ ಸಿಗುವ ಮೂರು ಅಂಕದ ಫೀಲ್ಡ್ ಗೋಲ್‌ಗೆಂದು ಕಿಕ್ಕರ್ ಗುರಿಯಿಟ್ಟು ಒದೆಯುತ್ತಾನೆ, ಚೆಂಡು ಕಂಬಗಳ ಪಕ್ಕದಿಂದ ಹಾದು ಹೋಗುತ್ತದೆ, ಜನರೆಲ್ಲ ‘ಛೆ’ ಅಂತಾರೆ. ಅಷ್ಟರಲ್ಲಿ ಸ್ಕೋರ್‌ಬೋರ್ಡ್‌ನಲ್ಲಿ ಒಂದು ಅಂಕ ಏರಿರುತ್ತದೆ. ಇದರ ಹೆಸರು ‘ರೂಜ್’. ಎಂಡ್ ಝೋನ್‌ಗೆ, ಅಂದರೆ ಮೈದಾನದ ತುದಿಯ ಪಟ್ಟಿಗೆ, ಬಂದ ಚೆಂಡನ್ನು ಎದುರಾಳಿ ಹೊತ್ತುಕೊಂಡು ಮೈದಾನಕ್ಕೆ ಓಡಬೇಕು, ಇಲ್ಲವೇ ವಾಪಸ್ ಒದೆಯಬೇಕು. ಎರಡೂ ಆಗದಿದ್ದರೆ ಗುರಿ ತಪ್ಪಿದವನಿಗೇ ಬಹುಮಾನ. ಪಂದ್ಯ ಸಮವಾಗಿದ್ದು ಕೊನೆಯ ಸೆಕೆಂಡು ಬಂತೆಂದರೆ ಒಂದು ತಂಡ ಒಳಕ್ಕೆ ಒದೆಯುತ್ತದೆ, ಇನ್ನೊಂದು ಹೊರಕ್ಕೆ ಒದೆಯುತ್ತದೆ, ಮೊದಲನೆಯದು ಮತ್ತೆ ಒಳಕ್ಕೆ. ಪಕ್ಕದ ಮನೆಯ ಕಾಂಪೌಂಡಿಗೆ ಕಸ ಎಸೆದಾಡುವವರ ಹಾಗೆ.

2026ರಿಂದ ಇದಕ್ಕೂ ಕತ್ತರಿ ಬಿದ್ದಿದೆ. ಚೆಂಡು ಎಂಡ್ ಝೋನ್ ದಾಟಿ ಆಚೆ ಹಾರಿಹೋದರೆ ಅಂಕವಿಲ್ಲ. ಇನ್ನು ತಪ್ಪುವವರು ಅಳತೆ ನೋಡಿಕೊಂಡು ತಪ್ಪಬೇಕು.

ಕೆನಡಿಯನ್ ಫುಟ್‌ಬಾಲ್ ಲೀಗಿನ ಸೀಸನ್ ಶುರುವಾಗುವುದು ಜೂನ್‌ನಲ್ಲಿ, ಮುಗಿಯುವುದು ನವೆಂಬರ್ ನಡುವಿನಲ್ಲಿ. 9 ತಂಡ, ತಂಡಕ್ಕೆ 18 ಪಂದ್ಯ, ಒಟ್ಟು 21 ವಾರ. ಒಂಬತ್ತು ಬೆಸ ಸಂಖ್ಯೆ, ಹಾಗಾಗಿ ಪ್ರತಿ ವಾರ ಒಂದಾದರೂ ತಂಡ ಜೋಡಿ ಸಿಗದ ವರನಂತೆ ಮನೆಯಲ್ಲಿ ಕೂರಲೇಬೇಕು. ಕೆಲವು ವಾರ ಮೂರು ಕೂರುತ್ತವೆ.

ಎಣಿಕೆಯ ತಾಪತ್ರಯ ಇಲ್ಲಿಗೇ ನಿಲ್ಲುವುದಿಲ್ಲ. ಮೈದಾನದಲ್ಲಿ ತಂಡಕ್ಕೆ 12 ಜನ. ಆಟಗಾರರಲ್ಲಿ ಅರ್ಧಕ್ಕರ್ಧ ಅಮೆರಿಕದವರು, ಅಲ್ಲಿಯ ಲೆಕ್ಕ 11. ಅಲ್ಲಿ ಹತ್ತು ಗಜ ಸಾಗಲು ನಾಲ್ಕು ಅವಕಾಶ, ಇಲ್ಲಿ ಮೂರು, ಅದರಲ್ಲೂ ಮೂರನೆಯದು ಹೆಚ್ಚಾಗಿ ಒದ್ದು ಕೈತೊಳೆದುಕೊಳ್ಳುವುದಕ್ಕೇ ಖರ್ಚು. ಒದೆಯಲು ಒಂದು ಗುಂಪು, ಒದೆತ ತಡೆಯಲು ಇನ್ನೊಂದು, ಒದ್ದ ಚೆಂಡು ಹಿಡಿದು ಓಡಲು ಮತ್ತೊಂದು. ಪ್ರತಿ ಸಲ ಒಂದಷ್ಟು ಜನ ಹೊರಗೆ, ಒಂದಷ್ಟು ಜನ ಒಳಗೆ. ಒಬ್ಬ ಹೊರಡಲು ಮರೆತರೂ 13.

2009ರಲ್ಲಿ ಲೀಗಿನ ಪ್ರಶಸ್ತಿಯಾದ ಗ್ರೇ ಕಪ್‌ನ ಫೈನಲ್, ಕ್ಯಾಲ್ಗರಿ. ಸಸ್ಕಾಚೆವನ್ ರಫ್‌ರೈಡರ್ಸ್ 27, ಮಾಂಟ್ರಿಯಲ್ ಅಲುವೆಟ್ಸ್ 25. ಮಾಂಟ್ರಿಯಲ್‌ನ ಕೊನೆಯ ಒದೆತ, 43 ಗಜ ದೂರದಿಂದ. ಚೆಂಡು ಕಂಬಗಳ ಹೊರಗೆ ಹೋಯಿತು, ಸಸ್ಕಾಚೆವನ್ ಕುಣಿದಾಡಿತು. ರೂಜ್ ಕೊಟ್ಟರೂ 27–26, ಏನೂ ಭಯವಿಲ್ಲ. ಆದರೆ ರೆಫರಿ ತಪ್ಪು ತೋರಿಸುವ ಬಟ್ಟೆ ಎಸೆದಿದ್ದ. ಸಸ್ಕಾಚೆವನ್ ಕಡೆ ಒಬ್ಬ ಹೆಚ್ಚಿದ್ದ. ಹತ್ತು ಗಜ ದಂಡ, ಮತ್ತೆ ಒದೆತ, ಈ ಸಲ 33 ಗಜ, ಗೋಲ್, 28–27. ಕೊನೆಯ ಎಸೆತಕ್ಕೆ ವಿಕೆಟ್ ಬಿದ್ದು, ಪಟಾಕಿ ಹಚ್ಚಿ, ಆಮೇಲೆ ಅದು ನೋ ಬಾಲ್ ಅಂದಂತೆ. ಗಾಯಕ್ಕೆ ಉಪ್ಪು ಬೇರೆ: ಈ ತಂಡ ತನ್ನ ಅಭಿಮಾನಿಗಳನ್ನು ಎಷ್ಟೋ ವರ್ಷಗಳಿಂದ ಪ್ರೀತಿಯಿಂದ ಕರೆಯುತ್ತಿದ್ದದ್ದೇ ‘ಹದಿಮೂರನೇ ಆಟಗಾರ’ ಎಂದು.

ಆ ಹದಿಮೂರನೆಯವರು ತಲೆಗೆ ಕಲ್ಲಂಗಡಿ ಹಾಕಿಕೊಂಡು ಬರುತ್ತಾರೆ. ತಂಡದ ಬಣ್ಣ ಹಸಿರು, ಸಿಪ್ಪೆಯೂ ಹಸಿರು. ಸುಲಭ ಅನ್ನಿಸುತ್ತದೆ, ಅಲ್ಲ. ತಲೆಯ ಸುತ್ತಳತೆ 57 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಸಿಪ್ಪೆಯ ದಪ್ಪ ಒಂದೂವರೆ ಸೆಂಟಿಮೀಟರ್ ಬಿಟ್ಟರೆ ಹಣ್ಣಿನ ಹೊರಸುತ್ತು 66 ಆಗಬೇಕು, ಕೂದಲು ದಟ್ಟವಿದ್ದರೆ 70. ಅಂದರೆ ಐದಾರು ಕಿಲೋದ, ಗುಂಡಗಿನ ಹಣ್ಣು. ಉದ್ದನೆಯ ಜಾತಿ ತಂದರೆ ಕಿವಿ ಸಿಕ್ಕಿಕೊಳ್ಳುತ್ತದೆ. ಬುಡದ ಮೂರನೇ ಒಂದು ಭಾಗ ಕತ್ತರಿಸಿ, ಮುಖಕ್ಕೆ ಕಿಟಕಿ ಕೊರೆದು, ಕೆಂಪು ತಿರುಳು ಪೂರ್ತಿ ಹೋಗಿ ಬಿಳಿ ಕಾಣುವವರೆಗೆ ಚಮಚದಲ್ಲಿ ಕೆರೆಯಬೇಕು. ಜಾಸ್ತಿ ಕೆರೆದರೆ ಮೊದಲ ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಎಂಡ್ ಝೋನ್‌ಗೆ ಒಯ್ದಾಗ) ಎದ್ದು ಕುಣಿದಾಗ ಸೀಳುತ್ತದೆ, ಕಡಿಮೆ ಕೆರೆದರೆ ರಸ ಕುತ್ತಿಗೆಯ ಮೇಲಿಂದ ಬೆನ್ನಿಗಿಳಿಯುತ್ತದೆ. ಒಳಗೆ ಬಟ್ಟೆಯಲ್ಲಿ ಒತ್ತಿ ಒರೆಸಿ, ತಲೆಗೆ ಮೊದಲು ಸ್ನಾನದ ಪ್ಲಾಸ್ಟಿಕ್ ಟೋಪಿ ಹಾಕಿಕೊಳ್ಳುವುದು ಬುದ್ಧಿವಂತರ ಲಕ್ಷಣ. ಆಗಸ್ಟ್‌ನಲ್ಲಿ ಕಣಜಗಳು ಮುತ್ತುತ್ತವೆ. ನವೆಂಬರ್‌ನಲ್ಲಿ ಉಳಿದ ತೇವ ಹೆಪ್ಪುಗಟ್ಟಿ ಶಿರಸ್ತ್ರಾಣ ನಿಜವಾಗಿಯೂ ಶಿರಸ್ತ್ರಾಣವಾಗುತ್ತದೆ.

ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ, ಕಾರ್ಮಿಕರ ರಜಾದಿನ. ಆ ವಾರಾಂತ್ಯ ವಿನ್ನಿಪೆಗ್ ಬ್ಲೂ ಬಾಂಬರ್ಸ್ ಸಸ್ಕಾಚೆವನ್ ತಂಡದ ತವರಾದ ರೆಜೈನಾಕ್ಕೆ ಬಂದು ಆಡುತ್ತಾರೆ, ಮುಂದಿನ ವಾರ ಸಸ್ಕಾಚೆವನ್ ವಿನ್ನಿಪೆಗ್‌ಗೆ ಹೋಗುತ್ತದೆ. ಈ ಎರಡನೆಯದಕ್ಕೆ ‘ಬ್ಯಾಂಜೊ ಬೌಲ್’ ಎಂಬ ಹೆಸರು. 2003ರಲ್ಲಿ ವಿನ್ನಿಪೆಗ್‌ನ ಕಿಕ್ಕರ್ ಸಸ್ಕಾಚೆವನ್ ಜನರನ್ನು ಬ್ಯಾಂಜೊ ಬಾರಿಸುವ ಹಳ್ಳಿಗುಗ್ಗುಗಳೆಂದು ಹೀಯಾಳಿಸಿದ. ಗದ್ದಲವಾಯಿತು, ಕ್ಷಮೆ ಕೇಳಿದ. ಕ್ಷಮೆಯ ಸಾರಾಂಶ: ಅಲ್ಲಿಯ ಬಹುಪಾಲು ಜನಕ್ಕೆ ಬ್ಯಾಂಜೊ ಬಾರಿಸಲು ಬರುವುದೇ ಇಲ್ಲ. ಮರುವರ್ಷದಿಂದ ಪಂದ್ಯಕ್ಕೆ ಅದೇ ಹೆಸರು ನಿಂತಿತು, ಟಿಕೆಟ್ ಚೆನ್ನಾಗಿ ಹೋಗುತ್ತದೆ.

ಹೆಸರಿನ ವಿಷಯ ಬಂದಿದ್ದಕ್ಕೆ ಇನ್ನೊಂದು. ಬೆರಳೆಣಿಕೆಯ ತಂಡಗಳ ಲೀಗಿನಲ್ಲಿ 1996ರವರೆಗೆ ಎರಡು ತಂಡಗಳಿಗೆ ಒಂದೇ ಹೆಸರು: ಸಸ್ಕಾಚೆವನ್ ರಫ್‌ರೈಡರ್ಸ್, ಆಟವಾ ರಫ್ ರೈಡರ್ಸ್. ವ್ಯತ್ಯಾಸ ನಡುವಿನ ಒಂದು ಖಾಲಿ ಜಾಗ. ಬಾಯಲ್ಲಿ ಹೇಳುವಾಗ ಅದೂ ಕೇಳಿಸದು. 1951, 1966, 1969, 1976, ನಾಲ್ಕು ಫೈನಲ್‌ಗಳಲ್ಲಿ ಇವರಿಬ್ಬರೇ ಎದುರುಬದುರು. ‘ರೈಡರ್ಸ್ ಗೆದ್ದರು’ ಎಂದು ಮೊದಲೇ ತಲೆಬರಹ ಬರೆದಿಟ್ಟುಕೊಂಡ ಪತ್ರಕರ್ತನಿಗೆ ಮಾತ್ರ ಆ ರಾತ್ರಿ ಸುಖನಿದ್ರೆ.

ಅಕ್ಟೋಬರ್ ಕೊನೆಗೆ 9ರಲ್ಲಿ 6 ತಂಡ ಪ್ಲೇಆಫ್‌ಗೆ. ಪೂರ್ವ ವಿಭಾಗದಿಂದ ಮೂರು, ಪಶ್ಚಿಮ ವಿಭಾಗದಿಂದ ಮೂರು. ಆದರೆ ಪಶ್ಚಿಮದ ನಾಲ್ಕನೆಯವರು ಪೂರ್ವದ ಮೂರನೆಯವರಿಗಿಂತ ಹೆಚ್ಚು ಗೆದ್ದಿದ್ದರೆ ಅವರೇ ಪೂರ್ವಕ್ಕೆ ಹೋಗಿ ಅಲ್ಲಿಯ ಪಂಕ್ತಿಯಲ್ಲಿ ಕೂರುತ್ತಾರೆ. 2025ರಲ್ಲಿ ಫೈನಲ್ ನಡೆಯಬೇಕಿದ್ದದ್ದು ವಿನ್ನಿಪೆಗ್‌ನಲ್ಲಿ. ಮನೆಯಲ್ಲಿ ಮದುವೆಯ ಚಪ್ಪರ, ವಿನ್ನಿಪೆಗ್ ತಂಡ ಮಾತ್ರ ಹೀಗೆ ಪೂರ್ವದ ಪಾಲಿಗೆ ಸೇರಿ ಮಾಂಟ್ರಿಯಲ್‌ಗೆ ಹೋಗಿ ಸೋತು ಬಂತು. ಚಪ್ಪರದಲ್ಲಿ ಬೇರೆಯವರ ಮದುವೆ.

ನವೆಂಬರ್ ಚಳಿಯಲ್ಲಿ ಚೆಂಡಿನೊಳಗಿನ ಗಾಳಿ ಕುಗ್ಗುತ್ತದೆ, ತೊಗಲು ಕಲ್ಲಾಗುತ್ತದೆ, ಬೆಚ್ಚಗಿನ ದಿನ ಸಲೀಸಾಗಿ ತಲುಪುತ್ತಿದ್ದ ಒದೆತ ಈಗ ಮೊದಲೇ ನೆಲ ಕಾಣುತ್ತದೆ. 1977ರ ಫೈನಲ್‌ಗೆ ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಂನಲ್ಲಿ ಹಿಮ ಕರಗಿಸಲೆಂದು ಉಪ್ಪು ಹಾಕಿದರು. ಕರಗಿತು, ಮತ್ತೆ ಹೆಪ್ಪುಗಟ್ಟಿ ಗಾಜಿನ ನೆಲವಾಯಿತು. ಮಾಂಟ್ರಿಯಲ್ ಆಟಗಾರರು ಬೂಟಿನ ಅಡಿಗೆ ಸ್ಟೇಪಲ್ ಪಿನ್ ಹೊಡೆದುಕೊಂಡು ಇಳಿದರು. ಎಡ್ಮಂಟನ್‌ನವರು ಜಾರುತ್ತಿದ್ದಂತೆ ಇವರು 41–6ರಲ್ಲಿ ಗೆದ್ದರು. 1962ರಲ್ಲಿ ಟೊರಾಂಟೊದಲ್ಲಿ ಮಂಜು ಕವಿದು ಚೆಂಡೇ ಕಾಣದೆ, 9 ನಿಮಿಷ 29 ಸೆಕೆಂಡು ಬಾಕಿಯಿರುವಾಗ ಆಟ ನಿಲ್ಲಿಸಿ ಮರುದಿನ ಮುಗಿಸಿದರು. ವಿನ್ನಿಪೆಗ್ 28, ಹ್ಯಾಮಿಲ್ಟನ್ 27.

ದೂರದಿಂದ ನೋಡುವವರಿಗೆ ಗಡಿಯಾರದ ಕಾಟ. ನವೆಂಬರ್ ಮೊದಲ ಭಾನುವಾರ ಕೆನಡಾದ ಬಹುಭಾಗ ಗಂಟೆಯನ್ನು ಹಿಂದಕ್ಕೆ ತಿರುಗಿಸುತ್ತದೆ, ಸಸ್ಕಾಚೆವನ್ ತಿರುಗಿಸುವುದಿಲ್ಲ. ಬೇಸಿಗೆಯಿಡೀ ಕ್ಯಾಲ್ಗರಿಯ ಸಮಯಕ್ಕಿದ್ದ ರೆಜೈನಾ ಪ್ಲೇಆಫ್ ಹೊತ್ತಿಗೆ ವಿನ್ನಿಪೆಗ್‌ನ ಸಮಯಕ್ಕೆ ಬಂದಿರುತ್ತದೆ. ಗ್ರೇ ಕಪ್ ಟೊರಾಂಟೊ ಲೆಕ್ಕದಲ್ಲಿ ಭಾನುವಾರ ಸಂಜೆ 6ಕ್ಕೆ, ಭಾರತದಲ್ಲಿ ಸೋಮವಾರ ಬೆಳಗಿನ ಜಾವ 4.30. ಬೇಸಿಗೆಯ ಲೆಕ್ಕ ಹಿಡಿದು 3.30ಕ್ಕೆ ಅಲಾರಂ ಇಟ್ಟವರು ಒಂದು ಗಂಟೆ ಜಾಹೀರಾತು ನೋಡುತ್ತಾರೆ.

2025ರ ನವೆಂಬರ್ 17ರಂದು ಹಾಗೆ ಎದ್ದವರಿಗೆ ಮತ್ತೆ ಅದೇ ಸಸ್ಕಾಚೆವನ್, ಅದೇ ಮಾಂಟ್ರಿಯಲ್. ಈ ಸಲ ಸಸ್ಕಾಚೆವನ್ 25–17. ಒದೆಯುವ ಪ್ರತಿ ಸಲವೂ ಕಲ್ಲಂಗಡಿ ತಲೆಗಳೆಲ್ಲ ಬೆರಳು ಮಡಚಿ ಹನ್ನೆರಡರವರೆಗೆ ಎಣಿಸಿರಲಿಕ್ಕೆ ಸಾಕು.