ಗೈಡು ಬಾಗಿಲಿಗೆ ಸಿಗುತ್ತಾನೆ, ದಾರಿಗೆ ಸಿಗುವುದಿಲ್ಲ

ಬಾದಾಮಿಗೆ ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರು ಮೇಣಬಸದಿ ಎಂಬ ಗುಹಾಲಯಗಳ ಮೆಟ್ಟಿಲು ಹತ್ತಿ, ನಾಲ್ಕು ಗುಹೆಗಳನ್ನು ನೋಡಿ, ಮೇಲಿನಿಂದ ಅಗಸ್ತ್ಯತೀರ್ಥ ಕೆರೆಯ ಫೋಟೊ ತೆಗೆದುಕೊಂಡು ಇಳಿಯುತ್ತಾರೆ. ಅಲ್ಲಿಂದ ಕಾರು ಪಟ್ಟದಕಲ್ಲಿಗೆ, ಪಟ್ಟದಕಲ್ಲಿನಿಂದ ಐಹೊಳೆಗೆ ಓಡುತ್ತದೆ. ಎರಡು ಗುಡ್ಡಗಳ ನಡುವಿನ ಕಣಿವೆ, ಅದರ ಅಂಚಿನ ಬಂಡೆಗಳ ಮೇಲಿರುವ ಶಾಸನಗಳು, ಗುಡ್ಡ ದಾಟಿ ಮಹಾಕೂಟದ ಗುಡಿಗಳಿಗೆ ಹೋಗುವ ಕಾಲುದಾರಿ ಇವು ಯಾವುವೂ ಅವರ ದಿನದೊಳಗೆ ಬರುವುದಿಲ್ಲ. ಪ್ರವಾಸಿಗಳಿಗೆ ತಾಳ್ಮೆಯಿಲ್ಲ ಎಂದು ದೂರಿ ಸುಮ್ಮನಾಗುವುದು ಸುಲಭ. ಆದರೆ ಗುಳೇದಗುಡ್ಡದಲ್ಲಿ ಹುಟ್ಟಿ, ಈಗ ಉದ್ಯೋಗದ ನಿಮಿತ್ತ ಟರ್ಕಿಯ ಅಂಕಾರಾದಲ್ಲಿ ನೆಲೆಸಿರುವ ನನಗೆ ಎರಡೂ ಕಡೆಯ ಕಲ್ಲು ಗುಹೆಗಳನ್ನು ನೋಡುವ, ನೋಡಿಸುವ ಅವಕಾಶ ಆಗಾಗ ಒದಗುತ್ತದೆ. ಹಾಗೆ ನೋಡಿದ ಮೇಲೆ ತೋಚುವುದೇನೆಂದರೆ, ನಮ್ಮಲ್ಲಿ ವಾಹನ ಒಬ್ಬನಲ್ಲಿ, ಗೈಡು ಇನ್ನೊಬ್ಬನಲ್ಲಿ, ಊಟ ಮತ್ತೊಬ್ಬನಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆಯೇ ಹೊರತು ಇಡೀ ದಿನವನ್ನು ಕೂಡಿಸಿ ಕೊಡುವವರು ಸಿಗುವುದಿಲ್ಲ.

ಅಂಕಾರಾದಿಂದ ರಸ್ತೆಯಲ್ಲಿ ನಾಲ್ಕು ತಾಸು ಹೋದರೆ ಕಪಡೋಕ್ಯ ಎಂಬ ಪ್ರದೇಶ ಸಿಗುತ್ತದೆ. ಎರ್ಜಿಯೆಸ್, ಹಸನ್ ಮೊದಲಾದ ಜ್ವಾಲಾಮುಖಿಗಳು ಹಿಂದೆಂದೋ ಉಗುಳಿದ ಬೂದಿ ಗಟ್ಟಿಯಾಗಿ ಆದ ಮೆದು ಕಲ್ಲಿನ ನಾಡು ಅದು. ಆ ಕಲ್ಲು ಕಡಿಯುವಾಗ ಉಳಿಗೆ ಸುಲಭವಾಗಿ ಒಗ್ಗುತ್ತದೆ, ಗಾಳಿಗೆ ತೆರೆದುಕೊಂಡ ಮೇಲೆ ಬಿಗಿಯಾಗುತ್ತದೆ. ಹೀಗಾಗಿ ಜನರು ಅದರೊಳಗೆ ಮನೆ, ದನದ ಕೊಟ್ಟಿಗೆ, ಚರ್ಚು, ಮಠ, ಕಡೆಗೆ ನೆಲದಡಿಯ ಊರುಗಳನ್ನೇ ಕೊರೆದುಕೊಂಡರು. ಡೆರಿನ್‌ಕುಯು ಎಂಬಲ್ಲಿ ಅಂಥ ಊರೊಂದು ಸುಮಾರು 85 ಮೀಟರ್ ಆಳಕ್ಕೆ ಇಳಿದಿದೆ; ಒಳಗಿನಿಂದ ಉರುಳಿಸಿ ಮುಚ್ಚುವ ಗುಂಡುಕಲ್ಲಿನ ಬಾಗಿಲುಗಳೂ ಗಾಳಿಯ ಕೊಳವೆಬಾವಿಗಳೂ ಇಂದಿಗೂ ಅಲ್ಲಿ ಕಾಣುತ್ತವೆ. ನಮ್ಮ ಬಾದಾಮಿಯದು ಕಲಾದಗಿ ಶಿಲಾಸ್ತರಕ್ಕೆ ಸೇರಿದ ಕೆಂಪು ಮರಳುಗಲ್ಲು, ಅದಕ್ಕಿಂತ ಬಹುಪಟ್ಟು ಹಳೆಯದು ಮತ್ತು ಗಟ್ಟಿ. ಅವರು ಕೋಣೆ ಕೊರೆದು ಗೋಡೆಗೆ ಬಣ್ಣ ಬಳಿದರು, ನಮ್ಮವರು ಗೋಡೆಯಲ್ಲೇ ದೇವರನ್ನು ಕಡೆದರು. ಕೆತ್ತನೆಯ ಕೌಶಲವನ್ನು ಪಕ್ಕಪಕ್ಕದಲ್ಲಿಟ್ಟು ತೂಗಿದರೆ ಮೂರನೆಯ ಗುಹೆಯ ಒಂದು ಕಂಬದ ಮದನಿಕೆಗೆ ಸಮನಾದುದನ್ನು ನಾನು ಅಲ್ಲಿ ಕಂಡಿಲ್ಲ. ಊರಭಿಮಾನದಿಂದ ಹೇಳುತ್ತಿದ್ದೇನೆ ಎಂದು ಯಾರಾದರೂ ಅಂದರೆ ಅದನ್ನೂ ಒಪ್ಪುತ್ತೇನೆ.

ಆದರೆ ತೋರಿಸುವ ಕ್ರಮದಲ್ಲಿ ಅವರು ನಮಗಿಂತ ಮುಂದಿದ್ದಾರೆ. ಅಲ್ಲಿ ಒಂದು ದಿನದ ಪ್ರವಾಸಗಳಿಗೆ ಬಣ್ಣದ ಹೆಸರುಗಳಿವೆ: ಕೆಂಪು ಪ್ರವಾಸ, ಹಸಿರು ಪ್ರವಾಸ. ಯಾವ ಏಜೆನ್ಸಿಯಲ್ಲಿ ಕೇಳಿದರೂ ಹಸಿರು ಪ್ರವಾಸದ ಮಾರ್ಗ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೊಸಬನೂ ದರವನ್ನು ಹೋಲಿಸಿ ನೋಡಬಹುದು. ಹಿಂದಿನ ಸಂಜೆ ಉಳಿದುಕೊಂಡ ಹೋಟೆಲಿನಲ್ಲಿ ಹೆಸರು ಬರೆಸಿದರೆ ಬೆಳಿಗ್ಗೆ ಮಿನಿಬಸ್ಸು ಬಾಗಿಲಿಗೇ ಬರುತ್ತದೆ. ಹಣ ಕೊಡುವುದು ಇಡೀ ವಾಹನಕ್ಕಲ್ಲ, ಒಂದು ಸೀಟಿಗೆ. ಸಾಮಾನ್ಯವಾಗಿ ಅದರೊಳಗೆ ಟಿಕೆಟ್ಟು, ಗೈಡು, ಮಧ್ಯಾಹ್ನದ ಊಟ ಎಲ್ಲವೂ ಸೇರಿರುತ್ತವೆ. ಬೆಳಿಗ್ಗೆ ನೆಲದಡಿಯ ಊರು ನೋಡಿಸಿ, ಬಳಿಕ ಇಹ್ಲಾರಾ ಕಣಿವೆಯ ಮೇಲ್ತುದಿಯಲ್ಲಿ ಎಲ್ಲರನ್ನೂ ಇಳಿಸುತ್ತಾರೆ. ನೂರಾರು ಮೆಟ್ಟಿಲು ಇಳಿದು, ಮೆಲೆಂದಿಜ್ ಹೊಳೆಯ ದಂಡೆಯಲ್ಲಿ ಮೂರು ನಾಲ್ಕು ಕಿಲೋಮೀಟರ್ ನಡೆದರೆ ಬೆಲಿಸಿರ್ಮಾ ಎಂಬ ಹಳ್ಳಿ. ಊಟ ಅಲ್ಲಿ, ಹೊಳೆಯ ಅಂಚಿನಲ್ಲಿ. ಅಷ್ಟರಲ್ಲಿ ಬಸ್ಸು ರಸ್ತೆ ಸುತ್ತಿ ಬಂದು ಆ ಹಳ್ಳಿಯಲ್ಲಿ ಕಾಯುತ್ತಿರುತ್ತದೆ. ಇಡೀ ಕಣಿವೆ ಸುಮಾರು 14 ಕಿಲೋಮೀಟರ್ ಉದ್ದವಿದ್ದರೂ ನಡೆಸುವುದು ಇಷ್ಟೇ, ಮಕ್ಕಳೂ ಹಿರಿಯರೂ ನಡೆಯಬಲ್ಲಷ್ಟು. ಇಲ್ಲಿ ನಡಿಗೆಯೇ ಪ್ರವಾಸದ ನಡುಭಾಗ, ಸಮಯ ಉಳಿದರೆ ನೋಡೋಣ ಎಂದು ಕಡೆಗೆ ತಳ್ಳಿದ ಬಾಬತ್ತಲ್ಲ.

ಎಲ್ಲಕ್ಕಿಂತ ಮುಖ್ಯವಾದುದು, ಗೈಡು ಬೆಳಿಗ್ಗೆಯಿಂದ ಸಂಜೆಯ ತನಕ ಜೊತೆಯಲ್ಲೇ ಇರುತ್ತಾನೆ. ಆ ದೇಶದಲ್ಲಿ 2012ರಲ್ಲಿ ಬಂದ ಕಾನೂನಿನ ಪ್ರಕಾರ ಪರವಾನಗಿ ಇಲ್ಲದವರು ಗೈಡಿನ ಕೆಲಸ ಮಾಡುವಂತಿಲ್ಲ. ಯಾವ ಭಾಷೆಯಲ್ಲಿ ವಿವರಿಸಲು ಅರ್ಹನೆಂಬುದೂ ಪರವಾನಗಿಯಲ್ಲಿ ಸೇರಿರುತ್ತದೆ. ಅದಕ್ಕಿಂತಲೂ ನನಗೆ ಹಿಡಿಸುವುದು ಬಸ್ಸಿನೊಳಗಿನ ಮಾತು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಪಾರಿವಾಳದ ಗೂಡುಗಳನ್ನು ಬಂಡೆಯಲ್ಲಿ ಏಕೆ ಕೊರೆದರು, ಅದರ ಹಿಕ್ಕೆ ಹೊಲಕ್ಕೆ ಹೇಗೆ ಗೊಬ್ಬರವಾಗುತ್ತಿತ್ತು, 1923ರ ಜನಸಂಖ್ಯಾ ವಿನಿಮಯದಲ್ಲಿ ಅಲ್ಲಿನ ಕ್ರೈಸ್ತರು ಗ್ರೀಸಿಗೆ ಹೋದ ಮೇಲೆ ಚರ್ಚುಗಳ ಗತಿ ಏನಾಯಿತು, ಜೆಲ್ವೆ ಎಂಬ ಗುಹೆಯೂರನ್ನು 1952ರಲ್ಲಿ ಕುಸಿತದ ಭಯದಿಂದ ಏಕೆ ಖಾಲಿ ಮಾಡಿಸಿದರು ಎಂಬುದನ್ನೆಲ್ಲ ಆತ ಹೇಳುತ್ತ ಹೋಗುತ್ತಾನೆ. ಬೆಳಿಗ್ಗೆ ಹೇಳಿದ ಮಾತಿಗೆ ಮಧ್ಯಾಹ್ನ ಕಾಣುವ ಗೋಡೆಯೊಂದು ಸಾಕ್ಷಿಯಾಗುತ್ತದೆ.

ಬಾದಾಮಿಯಲ್ಲಿ ಗೈಡು ಸಿಗುವುದು ಮೇಣಬಸದಿಯ ಟಿಕೆಟ್ ಕೌಂಟರಿನ ಬಳಿ. ಅವರ ಜ್ಞಾನವನ್ನು ನಾನು ಹಗುರಾಗಿ ಕಾಣುವುದಿಲ್ಲ. ಒಂದನೆಯ ಗುಹೆಯ ಹದಿನೆಂಟು ಕೈಗಳ ನಟರಾಜನ ಎದುರು ನಿಂತು, ಒಂದೊಂದು ಜೋಡಿ ಕೈಯನ್ನು ಬೆರಳಿನಿಂದ ಮರೆಮಾಡುತ್ತ, ಎಂಬತ್ತೊಂದು ಭಂಗಿಗಳನ್ನು ಲೆಕ್ಕ ಹಾಕಿ ತೋರಿಸುವ ಗೈಡುಗಳಿದ್ದಾರೆ. ಅದೇ ಗುಹೆಯಲ್ಲಿ ಆನೆಯೂ ಎತ್ತೂ ಒಂದೇ ತಲೆಯನ್ನು ಹಂಚಿಕೊಂಡ ಕೆತ್ತನೆಯನ್ನು ಅವರು ತೋರಿಸದಿದ್ದರೆ ನೂರಕ್ಕೆ ತೊಂಬತ್ತು ಮಂದಿ ಅದನ್ನು ದಾಟಿಯೇ ಹೋಗುತ್ತಾರೆ. ಆದರೆ ಅವರ ಒಪ್ಪಂದ ನಾಲ್ಕು ಗುಹೆಗಳ ಮಟ್ಟಿಗೆ ಮಾತ್ರ, ಹೆಚ್ಚೆಂದರೆ ಒಂದು ತಾಸು. ನಾಲ್ಕನೆಯ ಗುಹೆಯ ಬಾಹುಬಲಿಗೆ ಕೈಮುಗಿದು ಕೆಳಗಿಳಿದರೆ ಕಥೆಯೂ ಅಲ್ಲಿಗೇ ನಿಲ್ಲುತ್ತದೆ. ಪಟ್ಟದಕಲ್ಲಿನ ಗೇಟಿನಲ್ಲಿ ಬೇರೊಬ್ಬರು, ಐಹೊಳೆಯಲ್ಲಿ ಮತ್ತೊಬ್ಬರು. ಮೂವರೂ ಚಾಲುಕ್ಯರ ಒಂದನೆಯ ಪುಲಕೇಶಿಯಿಂದಲೇ ಆರಂಭಿಸುತ್ತಾರೆ, ಯಾರೂ ಮುಗಿಸುವುದಿಲ್ಲ. ನನ್ನೊಡನೆ ಬಂದಿದ್ದ ಅಂಕಾರಾದ ಸಹೋದ್ಯೋಗಿ ಮೂರನೆಯ ಸಲ ಆ ಹೆಸರು ಕೇಳಿದಾಗ ತಾನೇ ಮುಂದಿನ ವಾಕ್ಯವನ್ನು ಹೇಳಿ ಗೈಡಿಗೆ ಅಚ್ಚರಿ ಹುಟ್ಟಿಸಿದ.

ಹೀಗೆ ಕಥೆ ತುಂಡಾಗುವುದರಿಂದ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. ಬಾದಾಮಿಯ ಕೋಟೆಯ ಬಂಡೆಯ ಮೇಲೆ ಶಕ 465ರ, ಎಂದರೆ ಕ್ರಿ.ಶ. 543ರ, ಒಂದನೆಯ ಪುಲಕೇಶಿಯ ಶಾಸನವಿದೆ. ಮೂರನೆಯ ಗುಹೆಯಲ್ಲಿ ಮಂಗಲೇಶ 578ರಲ್ಲಿ ಬರೆಸಿದ ಶಾಸನವಿದೆ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹಾಡಿದ್ದಾನೆ. ಅದಾದ ಕೆಲವೇ ವರ್ಷಗಳಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದು, ಇದೇ ಊರಿನ ಬಂಡೆಯೊಂದರ ಮೇಲೆ ತನ್ನ ಶಾಸನವನ್ನು ಕೆತ್ತಿಸಿ ಹೋದ. ನೂರು ವರ್ಷ ಕಳೆದ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ಆ ಊರನ್ನು ಹಾಳುಗೆಡವಲಿಲ್ಲ. ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಅದನ್ನು ಅದೇ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದು ಇಂದಿನ ವಿರೂಪಾಕ್ಷ ಗುಡಿ. ಸೋಲಿನ ಶಾಸನ ಬಾದಾಮಿಯಲ್ಲಿದೆ, ಗೆಲುವಿನ ಗುಡಿ ಇಪ್ಪತ್ತೆರಡು ಕಿಲೋಮೀಟರ್ ಆಚೆ ಇದೆ, ಅವೆರಡಕ್ಕೂ ಮೊದಲಿನ ದಿಗ್ವಿಜಯದ ಹಾಡು ಐಹೊಳೆಯಲ್ಲಿದೆ. ಮೂರನ್ನೂ ಒಬ್ಬನೇ ಹೇಳಿದರೆ ಮಾತ್ರ ಇದು ಒಂದು ಕಥೆ. ಮೂರು ಬಾಗಿಲುಗಳಲ್ಲಿ ಮೂವರು ಹೇಳಿದಾಗ ಪ್ರವಾಸಿಯ ಕೈಗೆ ಸಿಗುವುದು ಇಸವಿಗಳು ಮಾತ್ರ.

ಕಣಿವೆಯ ಪಾಡು ಇದಕ್ಕಿಂತ ಕಡೆ. ಕೆರೆಯ ಪೂರ್ವದ ದಡದಲ್ಲಿ ಭೂತನಾಥ ಗುಡಿಗಳಿವೆ. ಸಂಜೆಯ ಬಿಸಿಲು ನೇರವಾಗಿ ಅವುಗಳ ಮೇಲೆ ಬೀಳುತ್ತದೆ. ಆದರೆ ಆ ಹೊತ್ತಿಗೆ ಹೆಚ್ಚಿನ ಪ್ರವಾಸಿಗಳು ಹೊಸಪೇಟೆಯ ಹಾದಿಯಲ್ಲಿರುತ್ತಾರೆ. ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿಯ ಬದಿಯ ಬಂಡೆಯಲ್ಲಿ, ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲನ್ನು ಶಾಲೆಯಲ್ಲಿ ಬಾಯಿಪಾಠ ಮಾಡದ ಕನ್ನಡಿಗ ವಿರಳ; ಅದು ಕಲ್ಲಿನ ಮೇಲೆ ಎಲ್ಲಿದೆ ಎಂದು ಕಣ್ಣಾರೆ ಕಂಡವರು ಅದಕ್ಕಿಂತಲೂ ವಿರಳ. ತ್ರಿಪದಿಯ ಅತ್ಯಂತ ಹಳೆಯ ಮಾದರಿಯೊಂದು ಕೆರೆಯಿಂದ ನಡೆದು ಮುಟ್ಟಬಹುದಾದ ದೂರದಲ್ಲಿದ್ದರೂ ನಮ್ಮ ಯಾವ ಕಾರಿನ ಪ್ಯಾಕೇಜಿನಲ್ಲೂ ಅದರ ಹೆಸರನ್ನು ನಾನು ನೋಡಿಲ್ಲ. ಇನ್ನೂ ಒಳಕ್ಕೆ ಹೋದರೆ ಸಿಡಿಲಫಡಿ. ಇತಿಹಾಸಕ್ಕೂ ಮೊದಲಿನ ಮನುಷ್ಯರು ಬಂಡೆಯ ಮೇಲೆ ಬರೆದ ಚಿತ್ರಗಳು ಅಲ್ಲಿವೆ. ಮಳೆಗಾಲದಲ್ಲಿ ಕೆರೆಯ ಮೇಲಿನ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಇವನ್ನೆಲ್ಲ ನೋಡುವವರು ಬಂಡೆ ಹತ್ತಲೆಂದೇ ಹೊರನಾಡುಗಳಿಂದ ಬಂದು ಉಳಿದುಕೊಳ್ಳುವ ಯುವಕರು ಮತ್ತು ಕುರಿ ಕಾಯುವವರು.

ಇದನ್ನೆಲ್ಲ ನಾನು ಬಾಗಲಕೋಟೆಯಲ್ಲಿ ಕ್ರೂಸರ್ ಓಡಿಸುವ ಕಾಕಾನ ಮಗನೊಡನೆ ಚರ್ಚಿಸಿದೆ. ಆತ ಬಹಳ ಹೊತ್ತು ಸುಮ್ಮನೆ ಕೇಳಿದ ಬಳಿಕ, “ಅಣ್ಣಾ, ಗಾಡಿ ನಿಂತ್ರ ನಂಗೇನ ಸಿಗತೈತಿ? ಮಂದಿ ಕಿಲೋಮೀಟರಿಗೆ ರೊಕ್ಕಾ ಕೊಡತಾರ, ನಡದದ್ದಕ್ಕ ಯಾರ ಕೊಡತಾರ?” ಎಂದ. ಇಡೀ ಸಮಸ್ಯೆಯ ಬೇರು ಅವನ ಈ ಮಾತಿನಲ್ಲಿದೆ. ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಚಾಲಕನಿಗೆ ಪ್ರವಾಸಿ ನಡೆದಷ್ಟೂ ನಷ್ಟ; ಗುಹೆಯ ಲೆಕ್ಕದಲ್ಲಿ ಹಣ ಪಡೆಯುವ ಗೈಡಿಗೆ ಬೇಗ ಮುಗಿಸಿ ಮುಂದಿನ ಗುಂಪನ್ನು ಹಿಡಿದಷ್ಟೂ ಲಾಭ. ಒಬ್ಬಂಟಿಯಾಗಿ ಬಂದವನು ಇಡೀ ವಾಹನದ ಬಾಡಿಗೆ ತೆರಬೇಕು, ಇಲ್ಲವೇ ಬಸ್ಸು, ಟಂಟಂ ಎಂದು ಬದಲಾಯಿಸುತ್ತ ಅರ್ಧ ದಿನವನ್ನು ರಸ್ತೆಯಲ್ಲೇ ಕಳೆಯಬೇಕು. ಸೀಟಿನ ಲೆಕ್ಕಕ್ಕೆ ಬಂದ ಕೂಡಲೇ ಈ ಗಣಿತ ತಿರುಗುತ್ತದೆ: ಪ್ರತಿ ಸೀಟಿನ ದರ ಮೊದಲೇ ನಿಗದಿಯಾಗಿರುವುದರಿಂದ ವಾಹನ ನಿಂತರೂ ಓಡಿದರೂ ಚಾಲಕನ ಗಳಿಕೆ ಅಷ್ಟೇ, ಡೀಸೆಲ್ಲು ಉಳಿದರೆ ಅದು ಅವನದೇ.

ಟರ್ಕಿಯ ಕ್ರಮವನ್ನು ಹಾಗೆಯೇ ತಂದು ನೆಡಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿನ ದಿನದ ಪ್ರವಾಸಗಳಲ್ಲಿ ಒಂದು ಕಿರಿಕಿರಿಯಿದೆ: ಸಂಜೆ ಹಿಂದಿರುಗುವಾಗ ಬಸ್ಸು ಕಲ್ಲಿನ ಆಭರಣದ ಅಂಗಡಿಗೋ ಒಣಹಣ್ಣಿನ ಅಂಗಡಿಗೋ ತಪ್ಪದೆ ನಿಲ್ಲುತ್ತದೆ, ಕಣಿವೆಯಲ್ಲಿ ಇನ್ನರ್ಧ ತಾಸು ಕೂರಬಹುದಾಗಿದ್ದ ಹೊತ್ತು ಅಲ್ಲಿ ಚೌಕಾಸಿಯಲ್ಲಿ ಹೋಗುತ್ತದೆ. ನಮ್ಮಲ್ಲಿ ಇಂಥದ್ದು ಶುರುವಾದರೆ ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆಗಳ ಹೆಸರಿನಲ್ಲಿ ಯಾರೋ ಮಧ್ಯವರ್ತಿ ಅಂಗಡಿ ತೆರೆಯುತ್ತಾನೆ, ನೇಕಾರನಿಗೆ ಏನೂ ದಕ್ಕುವುದಿಲ್ಲ. ಮಗ್ಗದ ಮುಂದೆ ನಿಲ್ಲಿಸುವುದಾದರೆ ನಿಲ್ಲಿಸಲಿ, ಅಂಗಡಿಯ ಮುಂದೆ ಬೇಡ. ಊಟದ ವಿಷಯದಲ್ಲಿ ನಾವು ಅವರಿಂದ ಕಲಿಯುವುದೇನೂ ಇಲ್ಲ. ಬನಶಂಕರಿಯ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕುಳಿತ ತಾಯಂದಿರು ಕೊಡುವ ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರಿನ ಮುಂದೆ ಬೆಲಿಸಿರ್ಮಾದ ಮೀನೂಟ ನನಗೆ ರುಚಿಸಿದ್ದಿಲ್ಲ.

ಬಿಸಿಲಿನ ಆಕ್ಷೇಪ ಮಾತ್ರ ನಿಜವಾದದ್ದು. ಇಹ್ಲಾರಾದಲ್ಲಿ ನೀರಿದೆ, ಮರಗಳ ನೆರಳಿದೆ. ನಮ್ಮ ಗುಡ್ಡಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಂಡೆಯೇ ಕಾದು ನಿಂತಿರುತ್ತದೆ, ಮಂಗಗಳೂ ಗುಹೆಯ ನೆರಳು ಬಿಟ್ಟು ಹೊರಬರುವುದಿಲ್ಲ. ಆದ್ದರಿಂದ ನಡಿಗೆಯ ಪ್ರವಾಸವನ್ನು ಮಳೆ ನಿಂತ ಮೇಲಿನಿಂದ ಫೆಬ್ರುವರಿಯ ತನಕ ಇಟ್ಟುಕೊಂಡು, ಬೇಸಿಗೆಯಲ್ಲಿ ಈಗಿನಂತೆಯೇ ವಾಹನದ ಸುತ್ತಾಟ ಮುಂದುವರಿಸುವುದು ಸರಿ. ಹಾಗೆಯೇ ಮೂರು ಊರುಗಳನ್ನೂ ಒಂದೇ ದಿನಕ್ಕೆ ತುರುಕುವುದನ್ನು ಬಿಡಬೇಕು. ಐಹೊಳೆ, ಪಟ್ಟದಕಲ್ಲುಗಳಿಗೆ ಒಂದು ದಿನ, ಬಾದಾಮಿಯ ಕಣಿವೆ ಮತ್ತು ಮಹಾಕೂಟಕ್ಕೆ ಇನ್ನೊಂದು ದಿನ, ಎರಡೂ ದಿನ ಒಬ್ಬನೇ ಗೈಡು.

ಎರಡನೆಯ ದಿನದ ಮಾರ್ಗ ತಾನಾಗಿಯೇ ಸಿದ್ಧವಾಗಿದೆ. ಬಿಸಿಲೇರುವ ಮೊದಲು ಮೇಣಬಸದಿ, ಕೆರೆಯ ದಂಡೆಯಲ್ಲಿ ಭೂತನಾಥ, ಅಲ್ಲಿಂದ ಕಪ್ಪೆ ಅರಭಟ್ಟ, ಆಮೇಲೆ ಗುಡ್ಡ ದಾಟುವ ಹಳೆಯ ಕಾಲುದಾರಿಯಲ್ಲಿ ಮಹಾಕೂಟ. ರಸ್ತೆಯಲ್ಲಿ ಸುತ್ತಿ ಹೋದರೆ ಸುಮಾರು ಹದಿನಾಲ್ಕು ಕಿಲೋಮೀಟರ್ ಆಗುವ ಊರು ಗುಡ್ಡದ ಮೇಲಿನಿಂದ ಅದರ ಅರ್ಧಕ್ಕಿಂತ ಕಡಿಮೆ. ದಾರಿ ಮುಗಿಯುವಲ್ಲಿ ಒರತೆಯ ನೀರಿನ ಪುಷ್ಕರಣಿ ಇದೆ, ಊಟಕ್ಕೆ ಅದಕ್ಕಿಂತ ತಂಪಾದ ಜಾಗ ಈ ತಾಲೂಕಿನಲ್ಲಿ ಇಲ್ಲ. ಇಹ್ಲಾರಾದ ಬಸ್ಸಿನಂತೆ ಕ್ರೂಸರ್ ರಸ್ತೆ ಸುತ್ತಿ ಬಂದು ಅಲ್ಲಿ ಕಾಯಲಿ. ಇದನ್ನು ಕೇಳಿ ಕಾಕಾನ ಮಗ ಬೆರಳು ಮಡಿಚಿ ಲೆಕ್ಕ ಹಾಕಿದ: “ಆರ ಮಂದಿ ಕೂಡಿದ್ರ ನಡೀತೈತಿ ಅಣ್ಣಾ, ಮೂರ ಮಂದಿಗೆ ಡೀಸಲ್ಲೂ ಹುಟ್ಟಂಗಿಲ್ಲ.” ಆರು ಮಂದಿಯನ್ನು ಕೂಡಿಸುವ ಕೆಲಸ ಚಾಲಕನದೂ ಅಲ್ಲ, ಗೈಡಿನದೂ ಅಲ್ಲ, ಕಪಡೋಕ್ಯದಲ್ಲಿ ಅದನ್ನು ಹಿಂದಿನ ರಾತ್ರಿ ಹೋಟೆಲುಗಳ ಕೌಂಟರುಗಳು ಫೋನಿನಲ್ಲಿ ಮಾಡಿ ಮುಗಿಸುತ್ತವೆ. ಬಾದಾಮಿಯ ಲಾಡ್ಜುಗಳೆಲ್ಲ ಒಂದೆರಡು ರಸ್ತೆಗಳಲ್ಲೇ ಇರುವುದರಿಂದ ಈ ಕೆಲಸಕ್ಕೆ ಒಂದು ವಾಟ್ಸಾಪ್ ಗುಂಪು ಸಾಕು, ಮತ್ತು ಬರುವ ನವೆಂಬರಿನಲ್ಲಿ ಅದನ್ನು ಶುರು ಮಾಡಲು ಪರಿಚಯದ ಲಾಡ್ಜಿನವರೊಬ್ಬರು ಒಪ್ಪಿದ್ದಾರೆ. ಪ್ರತಿ ಸೀಟಿಗೆ ಅವರ ಪಾಲು ಎಷ್ಟೆಂಬುದಷ್ಟೇ ಇನ್ನೂ ಇತ್ಯರ್ಥವಾಗಿಲ್ಲ.