ಅಜ್ಜನ ಪದಕ, ಮೊಮ್ಮಗನ ಎದೆ

ತೀರಿಕೊಂಡ ಅಜ್ಜ, ತಂದೆ, ಗಂಡ ಅಥವಾ ಮಗನ ಸೇನಾ ಪದಕಗಳನ್ನು ಮನೆಯವರು ಧರಿಸಬಹುದೇ ಎಂಬ ಪ್ರಶ್ನೆ ಯುದ್ಧಸ್ಮರಣೆಯ ದಿನಗಳು ಬಂದಾಗಲೆಲ್ಲ ಏಳುತ್ತದೆ. ಅಭಿಮಾನದಿಂದ ಧರಿಸಿ ಬಂದವರನ್ನು ‘ನೀವು ಯಾವ ಯುದ್ಧಕ್ಕೆ ಹೋಗಿದ್ದಿರಿ?’ ಎಂದು ಕುಟುಕುವವರು ಒಂದು ಕಡೆ; ಮನೆಯಲ್ಲಿರುವುದು ನಮ್ಮದೇ ಅಲ್ಲವೇ, ಹೇಗೆ ಬೇಕಾದರೂ ಹಾಕಿಕೊಳ್ಳುತ್ತೇವೆ ಎನ್ನುವವರು ಇನ್ನೊಂದು ಕಡೆ. ನನಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ. ಬಂಧುಗಳು ಖಂಡಿತ ಧರಿಸಬಹುದು, ಆದರೆ ಆ ಪದಕ ಧರಿಸಿದವರೇ ಗಳಿಸಿದ್ದು ಎಂಬ ಭಾವನೆ ನೋಡಿದವರಲ್ಲಿ ಅರೆಕ್ಷಣವೂ ಹುಟ್ಟಬಾರದು. ಈ ವಿಷಯದಲ್ಲಿ ಶಿಷ್ಟಾಚಾರವೆಂದು ಏನೇನು ಹೇಳುತ್ತಾರೋ ಅದರಲ್ಲಿ ಹೆಚ್ಚಿನದೆಲ್ಲ ಹುಟ್ಟಿದ್ದು ಇದೊಂದೇ ಕಾಳಜಿಯಿಂದ ಎಂದು ನಾನು ತಿಳಿದಿದ್ದೇನೆ.

ಮೊದಲ ನಿಯಮ ಬಹಳ ಜನರಿಗೆ ಗೊತ್ತಿರುವಂಥದ್ದೇ. ಸ್ವಂತ ಪದಕಗಳು ಎದೆಯ ಎಡಭಾಗಕ್ಕೆ, ಬಂಧುಗಳದ್ದು ಬಲಭಾಗಕ್ಕೆ. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ನಂತರ ವಿಧವೆಯರು, ತಾಯಂದಿರು ಸ್ಮರಣಾರ್ಥ ಸಭೆಗಳಿಗೆ ಹೀಗೆ ಧರಿಸಿ ಬರತೊಡಗಿದರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಯುದ್ಧದಲ್ಲಿ ಮಡಿದವರನ್ನು ನೆನೆಯುವ ಏಪ್ರಿಲ್ 25ರ ಆನ್ಜಾಕ್ ದಿನದ ಮೆರವಣಿಗೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಮುತ್ತಜ್ಜನ ಪದಕಗಳನ್ನು ಬಲ ಎದೆಗೆ ಚುಚ್ಚಿಕೊಂಡು ನಡೆಯುವುದನ್ನು ಇಂದಿಗೂ ಕಾಣಬಹುದು. ಸ್ವತಃ ಸೈನ್ಯದಲ್ಲಿದ್ದು ನಿವೃತ್ತರಾದವರು ಎರಡೂ ಬದಿ ಧರಿಸುವುದುಂಟು. ಎಡಗಡೆ ತಮ್ಮದು, ಬಲಗಡೆ ತಂದೆಯದು. ಈ ರೂಢಿಯನ್ನು ತಿಳಿದವರು ದೂರದಿಂದಲೇ, ಒಂದು ಪ್ರಶ್ನೆಯನ್ನೂ ಕೇಳದೆ, ಯಾವುದು ಯಾರದು ಎಂದು ಗುರುತಿಸುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಸಂಗತಿಯಿದೆ. ಪದಕಗಳನ್ನು ಒಂದೇ ಲೋಹದ ಪಟ್ಟಿಗೆ ಸಾಲಾಗಿ ಜೋಡಿಸುವಾಗ ಅತ್ಯುನ್ನತವಾದದ್ದು ಎದೆಯ ನಡುಭಾಗಕ್ಕೆ, ಅಂದರೆ ಅಂಗಿಯ ಗುಂಡಿಗಳ ಕಡೆಗೆ ಬರುತ್ತದೆ. ಉಳಿದವು ಅಂತಸ್ತಿಗೆ ತಕ್ಕಂತೆ ತೋಳಿನ ಕಡೆಗೆ ಸರಿಯುತ್ತವೆ. ಅದೇ ಪಟ್ಟಿಯನ್ನು ಬಲಗಡೆ ಚುಚ್ಚಿಕೊಂಡಾಗ ಅತ್ಯುನ್ನತ ಪದಕ ತೋಳಿನ ಪಕ್ಕಕ್ಕೆ ಹೋಗುತ್ತದೆ. ಇದನ್ನು ಕಂಡು ಕೆಲವರು ಕ್ರಮ ತಪ್ಪಿತೆಂದು ಪಟ್ಟಿಯನ್ನೇ ಬಿಚ್ಚಿಸಿ ತಿರುಗಾ ಮುರುಗಾ ಹೊಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಪದಕ ಗಳಿಸಿದವರ ಕ್ರಮ, ಅವರು ಧರಿಸಿದ ಹಾಗೆಯೇ ಇರಲಿ. ಬದಿ ಬದಲಾದದ್ದೇ ನೋಡುವವರಿಗೆ ಬೇಕಾದದ್ದನ್ನೆಲ್ಲ ಹೇಳುತ್ತದೆ.

ಕಾನೂನಿನ ವಿಷಯಕ್ಕೆ ಬಂದರೆ ಒಂದು ದೇಶಕ್ಕೂ ಇನ್ನೊಂದಕ್ಕೂ ಹೊಂದಾಣಿಕೆಯೇ ಇಲ್ಲ. ಆಸ್ಟ್ರೇಲಿಯಾದ 1903ರ ರಕ್ಷಣಾ ಕಾಯ್ದೆ ತನಗೆ ಬಾರದ ಸೇನಾ ಪದಕ ಧರಿಸುವುದನ್ನು ಅಪರಾಧವೆನ್ನುತ್ತದೆ, ಆದರೆ ಪದಕ ಪಡೆದವರ ಕುಟುಂಬದವರು ತಾವೇ ಅದನ್ನು ಪಡೆದವರೆಂದು ತೋರಿಸಿಕೊಳ್ಳದಿದ್ದರೆ ತಪ್ಪಿಲ್ಲ ಎಂದು ವಿನಾಯಿತಿ ನೀಡುತ್ತದೆ. ಅಮೆರಿಕವು ಶೌರ್ಯ ಪದಕಗಳ ಬಗ್ಗೆ ಸುಳ್ಳು ಹೇಳಿಕೊಳ್ಳುವುದನ್ನೇ ಅಪರಾಧವಾಗಿಸಿ 2006ರಲ್ಲಿ ಕಾಯ್ದೆ ತಂದಿತು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಪಡಿಸಿತು. ಮರುವರ್ಷ, ಹಣ ಅಥವಾ ಇತರ ಲಾಭಕ್ಕಾಗಿ ಸುಳ್ಳು ಹೇಳಿದರೆ ಮಾತ್ರ ಶಿಕ್ಷೆ ಎಂಬ ಹೊಸ ಕಾಯ್ದೆ ಬಂತು. ಭಾರತೀಯ ದಂಡ ಸಂಹಿತೆಯ 140ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ, ಸೈನಿಕನಲ್ಲದವನು ತನ್ನನ್ನು ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕರ ಉಡುಪನ್ನೋ ಚಿಹ್ನೆಯನ್ನೋ ಧರಿಸುವುದನ್ನು ಶಿಕ್ಷಾರ್ಹವೆನ್ನುತ್ತದೆ. ಮಾತುಗಳು ಬೇರೆ ಬೇರೆ, ಆದರೆ ಈ ಮೂರೂ ಕಡೆ ತೂಗುವುದು ಧರಿಸಿದವರ ಉದ್ದೇಶವನ್ನು. ಬಲಗಡೆ ಧರಿಸುವ ರೂಢಿ ಆ ಉದ್ದೇಶವನ್ನು ಮೊದಲೇ ಸಾರಿ ಹೇಳಿಬಿಡುತ್ತದೆ.

ಕೆನಡಾ ಮಾತ್ರ ಬೇರೆಯೇ ದಾರಿ ಹಿಡಿದಿದೆ. ಅಲ್ಲಿ ಪದಕವನ್ನು ಅದನ್ನು ಪಡೆದವರ ಹೊರತು ಬೇರೆ ಯಾರೂ, ಮಕ್ಕಳೂ ಕೂಡ, ಯಾವ ಬದಿಯಲ್ಲೂ ಧರಿಸುವಂತಿಲ್ಲ. ಅಲ್ಲಿನ ಕ್ರಿಮಿನಲ್ ಸಂಹಿತೆಯ 419ನೇ ಕಲಂ ಕುಟುಂಬದವರಿಗೆ ವಿನಾಯಿತಿ ಕೊಟ್ಟಿಲ್ಲ. ಇದನ್ನು ಮೊದಲ ಬಾರಿಗೆ ಓದಿದಾಗ ನಿರ್ದಯವಾದ ನಿಯಮವೆಂದೇ ಅನಿಸುತ್ತದೆ. ಆದರೆ ಅದೇ ದೇಶ 1919ರಷ್ಟು ಹಿಂದೆಯೇ ಸ್ಮಾರಕ ಶಿಲುಬೆ ಎಂಬ ಬೆಳ್ಳಿಯ ಪದಕವನ್ನು, ಯುದ್ಧದಲ್ಲಿ ಮಡಿದವರ ತಾಯಂದಿರಿಗೂ ವಿಧವೆಯರಿಗೂ ಅವರದೇ ಆಗಿ ಕೊಡಲು ಆರಂಭಿಸಿತ್ತು ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದಲ್ಲಿ 1947ರಿಂದ ಮಡಿದ ಯೋಧರ ಕುಟುಂಬಕ್ಕೆ ನೇರಳೆ ಹಿನ್ನೆಲೆಯ ಚಿನ್ನದ ನಕ್ಷತ್ರದ ಬಿಲ್ಲೆ ಇದೆ. ಮಡಿದವರ ಕುಟುಂಬಕ್ಕೆಂದೇ ಇರುವ ಬ್ರಿಟನ್ನಿನ ಎಲಿಜಬೆತ್ ಕ್ರಾಸ್ ಬಂದದ್ದು 2009ರಲ್ಲಿ. ಯುದ್ಧ ಮಾಡಿದವನ ಗೌರವ ಬೇರೆ, ಅವನನ್ನು ಕಳೆದುಕೊಂಡವಳ ಗೌರವ ಬೇರೆ, ಎರಡಕ್ಕೂ ಪ್ರತ್ಯೇಕ ಗುರುತು ಇರಲಿ ಎಂಬ ವಾದದಲ್ಲಿ ಹುರುಳಿದೆ. ಆದರೂ ನಾನು ಕೆನಡಾದ ಪಕ್ಷ ವಹಿಸಲಾರೆ. ಆ ಶಿಲುಬೆ ಮಡಿದವರ ಮನೆಗಷ್ಟೇ ಸಿಗುತ್ತದೆ. ಯುದ್ಧ ಮುಗಿಸಿ ಮನೆಗೆ ಬಂದು, ಮುಪ್ಪಾಗಿ, ಹಾಸಿಗೆಯಲ್ಲಿ ಸತ್ತ ಲಕ್ಷಾಂತರ ಸೈನಿಕರ ಮಕ್ಕಳಿಗೆ ಯಾವ ಗುರುತೂ ಇಲ್ಲ, ತಂದೆಯ ಪೆಟ್ಟಿಗೆಯಲ್ಲಿರುವ ಆ ಪದಕಗಳ ಹೊರತು.

ಧರಿಸುವುದೆಂದರೆ ಎಲ್ಲಿ, ಯಾವಾಗ ಎಂಬುದೂ ಮುಖ್ಯ. ಸ್ಮಾರಕದ ಮುಂದೆ ಹೂ ಇಡುವ ದಿನ, ರೆಜಿಮೆಂಟಿನ ವಾರ್ಷಿಕ ಸ್ಮರಣೆ, ಹಳೆಯ ಸೈನಿಕರೊಬ್ಬರ ಅಂತ್ಯಸಂಸ್ಕಾರ ಇವೆಲ್ಲ ತಕ್ಕ ಸಂದರ್ಭಗಳು. ಮದುವೆಯ ಆರತಕ್ಷತೆ, ಚುನಾವಣಾ ವೇದಿಕೆ, ಜಾಹೀರಾತಿನ ಫೋಟೊ ಇವು ಅಲ್ಲ. ವೇದಿಕೆಯ ಮೇಲೆ ಓಟು ಕೇಳುವವರು ತಂದೆಯ ಪದಕವನ್ನು ಬಲಗಡೆಯೇ ಧರಿಸಿದ್ದರೂ ನನಗೆ ಅದು ಸಹ್ಯವಾಗುವುದಿಲ್ಲ. ಅಲ್ಲಿ ಬದಿ ಸರಿಯಿರಬಹುದು, ಉದ್ದೇಶ ಸರಿಯಿಲ್ಲ. ಹಾಗೆಯೇ ಸಮವಸ್ತ್ರದಲ್ಲಿರುವವರು ಮನೆಯವರ ಪದಕಗಳನ್ನು ಅದರ ಮೇಲೆ ಸೇರಿಸಬಾರದು, ಏಕೆಂದರೆ ಸಮವಸ್ತ್ರ ಅವರ ಸ್ವಂತ ಸೇವೆಯ ದಾಖಲೆ. ಹರಾಜಿನಲ್ಲಿ ಕೊಂಡ ಪದಕಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಸಂಗ್ರಹಿಸಿ, ಅಧ್ಯಯನ ಮಾಡಿ, ಧರಿಸಬೇಡಿ.

ಒಬ್ಬರಿಗಿಂತ ಹೆಚ್ಚು ಪೂರ್ವಜರ ಪದಕಗಳು ಮನೆಯಲ್ಲಿದ್ದರೆ ಗೊಂದಲ ಶುರುವಾಗುತ್ತದೆ. ಅಜ್ಜನದು ಮೂರು, ದೊಡ್ಡಪ್ಪನದು ನಾಲ್ಕು, ಎಲ್ಲವನ್ನೂ ಒಂದೇ ಪಟ್ಟಿಗೆ ಪೋಣಿಸಿದರೆ ಜಗತ್ತಿನಲ್ಲಿ ಎಂದೂ ಇಲ್ಲದ ಸೈನಿಕನೊಬ್ಬನನ್ನು ನಾವೇ ಸೃಷ್ಟಿಸಿದಂತಾಗುತ್ತದೆ. ಒಮ್ಮೆಗೆ ಒಬ್ಬರದನ್ನು ಮಾತ್ರ ಧರಿಸುವುದು, ಉಳಿದವರದ್ದನ್ನು ಅಕ್ಕತಂಗಿಯರಿಗೋ ಅಣ್ಣತಮ್ಮಂದಿರಿಗೋ ಕೊಡುವುದು ಚೆಂದ. ಹಿರಿಯ ಮಗನಿಗೇ ಹಕ್ಕು ಎಂಬ ವಾದವನ್ನೂ ಕೇಳಿದ್ದೇನೆ. ಭಾರತದಲ್ಲಿ ಪರಮವೀರ ಚಕ್ರ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಸಂದದ್ದು. ಅಂಥ ಪದಕಗಳನ್ನು ರಾಷ್ಟ್ರಪತಿಗಳ ಕೈಯಿಂದ ಪತ್ನಿ, ತಾಯಿ, ತಂದೆ ಸ್ವೀಕರಿಸುತ್ತಾರೆ. ಸ್ವೀಕರಿಸುವಾಗ ಹೆಂಡತಿಯ ಕೈ ಸಾಕಾಗುವುದಾದರೆ ಧರಿಸುವಾಗ ಮಗಳ ಎದೆ ಏಕೆ ಸಾಲದು ಎಂದು ಆ ವಾದದವರನ್ನು ಕೇಳಬೇಕೆನಿಸುತ್ತದೆ.

ಧರಿಸುವ ಮುನ್ನ ಪದಕವನ್ನು ಕೈಗೆತ್ತಿಕೊಂಡು ಅಂಚನ್ನು ನೋಡಿ. ಮೊದಲ ಮಹಾಯುದ್ಧದ ಬ್ರಿಟಿಷ್ ಬೆಳ್ಳಿ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತವೆ. ಎರಡನೆಯ ಮಹಾಯುದ್ಧದ ನಕ್ಷತ್ರಾಕಾರದ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆಯೇ ಹಂಚಿತು. ಹೆಸರಿರುವ ಪದಕವನ್ನು ಹಬ್ಬದ ಹಿಂದಿನ ದಿನ ಪಾಲಿಶ್ ಹಾಕಿ ಉಜ್ಜುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಹೀಗೆ ಮತ್ತೆ ಮತ್ತೆ ಉಜ್ಜಿದರೆ ಅಂಚಿನ ಹೆಸರು ಕ್ರಮೇಣ ಸವೆಯುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ರಿಬ್ಬನ್ ಪಿಂಜಿದ್ದರೆ ಅದನ್ನು ಬದಲಾಯಿಸಬಹುದು, ಹಳೆಯ ತುಂಡನ್ನು ಎಸೆಯದೆ ಜೊತೆಗೇ ಇಟ್ಟುಕೊಳ್ಳಿ. ಮತ್ತು ಯಾವ ಪದಕ ಏತಕ್ಕೆ ಸಿಕ್ಕಿತೆಂದು ತಿಳಿದುಕೊಂಡೇ ಹೊರಡಿ. ಒಂದು ಯುದ್ಧದಲ್ಲಿ ಸೇವೆ ಸಲ್ಲಿಸಿದ ಎಲ್ಲರಿಗೂ ಕೊಟ್ಟ ಪದಕವನ್ನು ಶೌರ್ಯ ಪದಕವೆಂದು ಹೇಳಿಕೊಂಡು ತಿರುಗುವ ಮೊಮ್ಮಕ್ಕಳು ಅಜ್ಜನಿಗೆ ಗೌರವ ತರುವುದಿಲ್ಲ, ಅವರಿದ್ದಿದ್ದರೆ ಮೊದಲು ತಿದ್ದುತ್ತಿದ್ದವರೂ ಅವರೇ.

ನನಗೆ ಬಹಳ ಕಷ್ಟವೆನಿಸುವ ಪ್ರಶ್ನೆ ಬೇರೆ. ಬದುಕಿರುವಷ್ಟು ಕಾಲ ತನ್ನ ಪದಕಗಳನ್ನು ಧರಿಸಲು ಒಪ್ಪದ, ಪೆಟ್ಟಿಗೆಯಿಂದ ಹೊರತೆಗೆಯದ, ಕೇಳಿದರೆ ಮಾತು ಬದಲಿಸುತ್ತಿದ್ದ ಸೈನಿಕರು ಎಲ್ಲ ದೇಶಗಳಲ್ಲೂ ಇದ್ದರು. ಅಂಥವರ ಪದಕಗಳನ್ನು ಅವರ ನಂತರ ಮೊಮ್ಮಕ್ಕಳು ಬೀದಿಯಲ್ಲಿ ಮೆರೆಸುವುದು ಸರಿಯೇ? ಅವರು ಮೌನವಾಗಿದ್ದದ್ದು ವಿನಯದಿಂದಲೋ, ಜೊತೆಯವರನ್ನು ಕಳೆದುಕೊಂಡ ನೋವಿನಿಂದಲೋ, ಆ ಯುದ್ಧದ ಬಗೆಗಿನ ಅಸಮಾಧಾನದಿಂದಲೋ ಎಂದು ಈಗ ಕೇಳಲು ಅವರಿಲ್ಲ. ವಿನಯವಾಗಿತ್ತು ಎಂದು ನಂಬುವುದು ನಮಗೆ ಅನುಕೂಲ, ಅದಕ್ಕೇ ಎಲ್ಲರೂ ಹಾಗೆ ನಂಬುತ್ತಾರೆ. ‘ಬೇಡ’ ಎಂದು ಅವರು ಬಾಯಿಬಿಟ್ಟು ಹೇಳಿದ್ದರೆ ಆ ಮಾತನ್ನು ನಡೆಸಲೇಬೇಕು. ಏನನ್ನೂ ಹೇಳದೆ ಹೋಗಿದ್ದರೆ, ಅವರನ್ನು ಹತ್ತಿರದಿಂದ ಕಂಡ ಮನೆಯ ಹಿರಿಯರನ್ನು ಕೇಳಿ ತೀರ್ಮಾನಿಸಬೇಕು. ಧರಿಸುವುದು ಬೇಡವೆಂದಾದರೆ ಗಾಜಿನ ಚೌಕಟ್ಟಿನಲ್ಲಿ ಅವರ ಫೋಟೊದ ಪಕ್ಕಕ್ಕಿಟ್ಟು, ಹೆಸರು, ರೆಜಿಮೆಂಟು, ಸೇವೆಯ ವರ್ಷಗಳನ್ನು ಬರೆದಿಡಬಹುದು. ಇಲ್ಲವೇ ಅವರ ರೆಜಿಮೆಂಟಿನ ವಸ್ತುಸಂಗ್ರಹಾಲಯಕ್ಕೆ ಕೊಡಬಹುದು.